ನೆಲಕ್ಕೆ ಕಟ್ಟಿದ ಬದುಕು: ಮಧ್ಯಯುಗದ ಇಂಗ್ಲೆಂಡಿನ ಜೀತರೈತ

ಜೀತವೆಂದೊಡನೆ ಸಾಲ ತೀರಿಸಲು ಒಡೆಯನ ಮನೆಯಲ್ಲಿ ದುಡಿಯುವ ಆಳು ನಮ್ಮ ಕಣ್ಣ ಮುಂದೆ ನಿಲ್ಲುತ್ತಾನೆ. ಮಧ್ಯಯುಗದ ಇಂಗ್ಲೆಂಡಿನ ಜೀತದ ಬಗೆ ಬೇರೆ. ಅಲ್ಲಿ ರೈತನನ್ನು ಕಟ್ಟಿಹಾಕಿದ್ದು ಸಾಲವಲ್ಲ. ಹುಟ್ಟು ಮತ್ತು ನೆಲ.

‘ವಿಲೆನ್’ ಎನಿಸಿಕೊಂಡಿದ್ದ ಈ ರೈತನಿಗೆ ಮನೆ, ಹೊಲ, ಸಂಸಾರಗಳಿದ್ದವು. ಆದರೆ ಒಡೆಯನ ಅಪ್ಪಣೆಯಿಲ್ಲದೆ ಆತ ಊರು ಬಿಡುವಂತಿರಲಿಲ್ಲ. ಜಮೀನು ಕೈಬದಲಾದರೆ ಅದರೊಡನೆ ಅವನೂ ಹೊಸ ಒಡೆಯನ ವಶವಾಗುತ್ತಿದ್ದನು. ಅನೇಕ ಕಡೆಗಳಲ್ಲಿ ವಾರಕ್ಕೆ ಎರಡು ಮೂರು ದಿನ ಒಡೆಯನ ಹೊಲದಲ್ಲಿ ಬಿಟ್ಟಿ ದುಡಿಯಬೇಕಿತ್ತು. ಸುಗ್ಗಿಯಲ್ಲಿ ಇನ್ನೂ ಹೆಚ್ಚು. ಮಗಳ ಮದುವೆಗೆ ಕಾಣಿಕೆ ತೆರಬೇಕಿತ್ತು. ಅವನು ಸತ್ತಾಗ ಕೊಟ್ಟಿಗೆಯ ಅತ್ಯುತ್ತಮ ದನ ಒಡೆಯನ ಪಾಲಾಗುತ್ತಿತ್ತು. ತನ್ನ ಹೊಲದ ವಿಷಯದಲ್ಲಿ ಒಡೆಯನ ವಿರುದ್ಧ ರಾಜನ ನ್ಯಾಯಾಲಯದ ಮೆಟ್ಟಿಲೇರುವ ಹಕ್ಕೂ ಅವನಿಗಿರಲಿಲ್ಲ.

ಒಡೆಯರೆಂದರೆ ಶ್ರೀಮಂತ ಸರದಾರರು ಮಾತ್ರವಲ್ಲ. ಕ್ರೈಸ್ತ ಮಠಗಳೂ ದೊಡ್ಡ ಭೂಮಾಲೀಕ ಸಂಸ್ಥೆಗಳಾಗಿದ್ದವು. ಲಂಡನ್ನಿನ ಉತ್ತರಕ್ಕಿರುವ ಸೇಂಟ್ ಆಲ್ಬನ್ಸ್ ಮಠವು ಜನರು ತನ್ನ ಗಿರಣಿಯಲ್ಲಿಯೇ ಶುಲ್ಕ ಕೊಟ್ಟು ಧಾನ್ಯ ಬೀಸಿಸಿಕೊಳ್ಳಬೇಕೆಂದು ವಿಧಿಸಿತ್ತು. ಜನರು ಮನೆಯಲ್ಲಿಯೇ ಬೀಸಿಕೊಳ್ಳತೊಡಗಿದಾಗ, 1330ರ ದಶಕದಲ್ಲಿ ಮಠಾಧಿಪತಿ ರಿಚರ್ಡ್ ಅವರು ಬೀಸುವ ಕಲ್ಲುಗಳನ್ನು ವಶಪಡಿಸಿಕೊಂಡು ಮಠದ ಕೋಣೆಯೊಂದರ ನೆಲಕ್ಕೆ ಹಾಸಿಸಿದರು. ಈ ಮಠಾಧಿಪತಿ ಸಾಮಾನ್ಯರಲ್ಲ. ಗಣಿತ, ಖಗೋಳಶಾಸ್ತ್ರಗಳಲ್ಲಿ ಹೆಸರಾದ ವಿದ್ವಾಂಸರು. ವಿದ್ವತ್ತೊಂದೇ ಮನುಷ್ಯನನ್ನು ಕರುಣಾಳುವಾಗಿಸದು.

1348–49ರ ಮಹಾಮಾರಿ ಪ್ಲೇಗು ದೇಶದ ಜನಸಂಖ್ಯೆಯ ಮೂರನೆಯ ಒಂದು ಭಾಗಕ್ಕೂ ಮಿಕ್ಕಿ ಬಲಿ ತೆಗೆದುಕೊಂಡಿತು. ಹೊಲಗಳಿಗೆ ಆಳುಗಳು ಸಿಗದಾದರು. ಉಳಿದವರ ದುಡಿಮೆಗೆ ಬೆಲೆ ಬಂದಿತು. ಕೂಲಿಯನ್ನು ಪ್ಲೇಗಿನ ಹಿಂದಿನ ಮಟ್ಟಕ್ಕೆ ಇಳಿಸಲು 1351ರಲ್ಲಿ ಕಾನೂನು ಬಂದಿತು. ಅದರ ಮೇಲೆ ತಲೆಗಂದಾಯವೂ ಸೇರಿ, 1381ರ ಜೂನ್ ತಿಂಗಳಲ್ಲಿ ರೈತರು ದಂಗೆ ಎದ್ದರು. ಹುಟ್ಟಿನಿಂದ ಯಾರೂ ದಾಸರಲ್ಲವೆಂದು ಬೋಧಿಸುತ್ತಿದ್ದ ಪಾದ್ರಿ ಜಾನ್ ಬಾಲ್ ಅವರ ಪ್ರೇರಕನಾಗಿದ್ದನು. ಸೇಂಟ್ ಆಲ್ಬನ್ಸ್‌ನ ಜನರು ಮಠಕ್ಕೆ ನುಗ್ಗಿ, ಸುಮಾರು ಐವತ್ತು ವರ್ಷಗಳಿಂದ ಸನ್ಯಾಸಿಗಳ ಕಾಲಡಿಯಲ್ಲಿದ್ದ ಬೀಸುವ ಕಲ್ಲುಗಳನ್ನು ಕಿತ್ತು, ಒಡೆದು, ಪ್ರಸಾದದಂತೆ ಹಂಚಿಕೊಂಡರು.

ಹದಿನಾಲ್ಕು ವರ್ಷದ ದೊರೆ ಎರಡನೆಯ ರಿಚರ್ಡ್ ಜೂನ್ 14ರಂದು ಜೀತವಿಮುಕ್ತಿಯ ವಚನವಿತ್ತನು. ಜುಲೈ ತಿಂಗಳಲ್ಲಿಯೇ ಅದನ್ನು ಹಿಂತೆಗೆದುಕೊಂಡನು. ಜುಲೈ 15ರಂದು ಜಾನ್ ಬಾಲ್‌ನಿಗೆ ಸೇಂಟ್ ಆಲ್ಬನ್ಸ್‌ನಲ್ಲಿಯೇ ಮರಣದಂಡನೆಯಾಯಿತು.

ದಂಗೆ ಸೋತಿತು, ಆದರೆ ಜೀತ ಉಳಿಯಲಿಲ್ಲ. ಆಳುಗಳ ಕೊರತೆಯಿಂದಾಗಿ ಒಡೆಯರು ಬಿಟ್ಟಿ ದುಡಿಮೆಯ ಬದಲು ಹಣದ ಗೇಣಿಗೆ ಒಪ್ಪಲೇಬೇಕಾಯಿತು. 15ನೆಯ ಶತಮಾನದಲ್ಲಿ ಈ ಪದ್ಧತಿ ಬಹುಪಾಲು ಸವೆದುಹೋಯಿತು. 1574ರಲ್ಲಿ ರಾಣಿ ಒಂದನೆಯ ಎಲಿಜಬೆತ್, ಅರಮನೆಯ ಕೆಲವು ಜಮೀನುಗಳಲ್ಲಿ ಇನ್ನೂ ಉಳಿದಿದ್ದ ಜೀತದವರ ಬಿಡುಗಡೆಗೆ ಆದೇಶವಿತ್ತಳು. ಅದಕ್ಕೂ ಅವರು ಹಣ ತೆರಬೇಕಿತ್ತು.

ಧರ್ಮಸಂಸ್ಥೆಗಳ ಸೇವೆಯಲ್ಲಿರುವ ನಾವು ಈ ಇತಿಹಾಸದಲ್ಲಿ ಬೀಸುವ ಕಲ್ಲಿನ ಪ್ರಸಂಗವನ್ನು ವಿಶೇಷವಾಗಿ ಮನನ ಮಾಡಬೇಕು. ಪ್ರಾರ್ಥನೆ ನಡೆಯುವ ಸ್ಥಳವೆಂಬ ಕಾರಣಕ್ಕೆ ಅನ್ಯಾಯವು ನ್ಯಾಯವಾಗುವುದಿಲ್ಲ. ಬಡವರ ಮನೆಯಿಂದ ಬಲವಂತವಾಗಿ ತಂದ ಕಲ್ಲು ಎಷ್ಟು ನುಣುಪಾಗಿ ಹಾಸಿದರೂ ನೆಲವಾಗದು. ಅದು ಬಡವರ ಬೀಸುವ ಕಲ್ಲಾಗಿಯೇ ಉಳಿಯುತ್ತದೆ.