ಚರ್ಚಿನಲ್ಲಿ ‘ನರ್ಫ್ ನೈಟ್’: ಮಕ್ಕಳನ್ನು ಕಳಿಸುವ ಮುನ್ನ, ನಾವೇ ನಡೆಸುವ ಮುನ್ನ



ಅಮೆರಿಕದಲ್ಲಿ ಮಿಡ್ಲ್ ಸ್ಕೂಲ್, ಹೈಸ್ಕೂಲಿಗೆ ಹೋಗುವ ಮಕ್ಕಳಿರುವ ಮನೆಗಳಿಗೆ ಆಗಾಗ ಇಂಥದೊಂದು ಆಹ್ವಾನ ಬರುತ್ತದೆ: "ಶುಕ್ರವಾರ ಸಂಜೆ ನಮ್ಮ ಚರ್ಚಿನ ಯೂತ್ ಗ್ರೂಪಿನ ನರ್ಫ್ ನೈಟ್ ಇದೆ, ಸ್ನೇಹಿತರನ್ನೂ ಕರೆತನ್ನಿ." ಮಗ ಕುಣಿದಾಡುತ್ತಾನೆ. ಅಪ್ಪ-ಅಮ್ಮನಿಗೆ ಮಾತ್ರ ನೂರೆಂಟು ಪ್ರಶ್ನೆಗಳು! ಚರ್ಚಿನಲ್ಲಿ ಬಂದೂಕಿನ ಆಟವೇ? ಪೆಟ್ಟಾದರೆ? ಊಟಕ್ಕೇನು? ಪ್ರಾರ್ಥನೆಗೂ ಕೂರಬೇಕೇ? ಕೆಲವರಿಗಂತೂ "ನೀವೂ ವಾಲಂಟಿಯರ್ ಆಗಿ ಬನ್ನಿ" ಎಂಬ ಕರೆ ಬೇರೆ. ಇಂಥವರಿಗೆಲ್ಲ ಉಪಯೋಗವಾಗಲೆಂದು ಈ ಲೇಖನ.

ಏನಿದು ನರ್ಫ್?

ಪಾರ್ಕರ್ ಬ್ರದರ್ಸ್ ಕಂಪನಿ 1969ರಲ್ಲಿ ಮನೆಯೊಳಗೆ ಆಡಬಹುದಾದ ಮೆತ್ತನೆಯ ಫೋಮ್ ಚೆಂಡನ್ನು ಮಾರುಕಟ್ಟೆಗೆ ತಂದಿತು. ಅದರ ಹೆಸರೇ ನರ್ಫ್. ಡಾರ್ಟ್ ಹಾರಿಸುವ ಆಟಿಕೆಗಳು ಬಂದದ್ದು 1990ರ ದಶಕದಲ್ಲಿ. ಈಗ ಈ ಬ್ರಾಂಡ್ ಹ್ಯಾಸ್‌ಬ್ರೊ ಕಂಪನಿಯದು.

ನಮ್ಮ ಮಲೆನಾಡು, ಕರಾವಳಿ ಕಡೆಯವರಿಗೆ ಬಿದಿರಿನ ಪೆಟ್ಲು ನೆನಪಿರಬಹುದು. ಕೊಳವೆಯೊಳಗೆ ಕಾಯಿ ತುರುಕಿ, ಹಿಂದಿನಿಂದ ಕೋಲು ನೂಕಿದರೆ ಒಳಗಿನ ಗಾಳಿ ಒತ್ತಿಕೊಂಡು ಕಾಯಿ ‘ಪಟ್’ ಎಂದು ಹಾರುತ್ತಿತ್ತು. ಸ್ಪ್ರಿಂಗ್ ಇರುವ ನರ್ಫ್ ಗನ್ನಿನ ಕೆಲಸವೂ ಅದೇ. ಸ್ಪ್ರಿಂಗ್ ಬಿಟ್ಟಾಗ ಪಿಸ್ಟನ್ ಮುಂದೆ ನುಗ್ಗುತ್ತದೆ, ಆ ಗಾಳಿ ಡಾರ್ಟನ್ನು ತಳ್ಳುತ್ತದೆ. ಬ್ಯಾಟರಿಯ ಗನ್ನುಗಳಲ್ಲಿ ಗಾಳಿಯ ಬದಲು, ತಿರುಗುವ ಎರಡು ಚಕ್ರಗಳು ಡಾರ್ಟನ್ನು ಹಿಡಿದು ಎಸೆಯುತ್ತವೆ. ಸಾಮಾನ್ಯ ಡಾರ್ಟು ಸೆಕೆಂಡಿಗೆ ಸುಮಾರು 70 ಅಡಿ ವೇಗದಲ್ಲಿ ಹೋಗುತ್ತದೆ. ಬಟ್ಟೆಯ ಮೇಲೆ ಬಿದ್ದರೆ ಚಿಟಿಕೆ ಹೊಡೆದ ಹಾಗೆ, ಅಷ್ಟೆ. ಕಣ್ಣಿಗೆ ಬಿದ್ದರೆ ಮಾತ್ರ ಕಥೆಯೇ ಬೇರೆ.

ಮೊದಲು ಕಣ್ಣು

2017ರಲ್ಲಿ ಲಂಡನ್ನಿನ ಮೂರ್‌ಫೀಲ್ಡ್ಸ್ ಕಣ್ಣಿನ ಆಸ್ಪತ್ರೆಯ ವೈದ್ಯರು ಇಂಥ ಡಾರ್ಟುಗಳಿಂದ ಪೆಟ್ಟಾದ ಮೂವರ ಬಗ್ಗೆ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬರೆದರು. ಮೂವರಲ್ಲೂ ಕಣ್ಣಿನೊಳಗೆ ರಕ್ತ ಸೋರಿತ್ತು. ಅವರಲ್ಲಿ ಒಬ್ಬ 11 ವರ್ಷದ ಹುಡುಗ. ಬೇರೆ ಕಂಪನಿಗಳ ಅಗ್ಗದ ಡಾರ್ಟುಗಳ ತುದಿ ಹೆಚ್ಚು ಗಟ್ಟಿ ಇರಬಹುದೆಂದೂ ಅವರು ಎಚ್ಚರಿಸಿದರು.

ಆದ್ದರಿಂದ ಮೊದಲ ನಿಯಮ: ಕಣ್ಣಿಗೆ ಸೇಫ್ಟಿ ಗ್ಲಾಸ್ ಇಲ್ಲದವರು ಹಾಲಿನ ಒಳಗೆ ಕಾಲಿಡುವಂತಿಲ್ಲ. ನೋಡಲು ನಿಂತ ದೊಡ್ಡವರಿಗೂ ಇದೇ ಮಾತು. ದಿನನಿತ್ಯದ ಕನ್ನಡಕ ಇದಕ್ಕೆ ಸಾಲದು. ಅದರ ಮೇಲೆಯೇ ಹಾಕಿಕೊಳ್ಳುವಂಥ ಸೇಫ್ಟಿ ಗ್ಲಾಸುಗಳು ಸಿಗುತ್ತವೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲವೇ ಡಾಲರ್. ಚೌಕಟ್ಟಿನ ಮೇಲೆ ‘ಝಡ್87’ ಎಂಬ ಗುರುತಿದೆಯೇ ನೋಡಿ ಕೊಳ್ಳಿ.

ಇಷ್ಟಾದರೂ ಕಣ್ಣಿಗೆ ಬಡಿದರೆ ಉಜ್ಜಬಾರದು, ಒತ್ತಬಾರದು. ನೋವು, ಮಬ್ಬು ಅಥವಾ ಕೆಂಪು ಕಂಡರೆ ‘ಬೆಳಿಗ್ಗೆ ನೋಡೋಣ’ ಅನ್ನದೆ ಅಂದೇ ರಾತ್ರಿ ವೈದ್ಯರಿಗೆ ತೋರಿಸಬೇಕು.

ಹಾಲಿನ ತಯಾರಿ

ಪೂಜೆ ನಡೆಯುವ ಮುಖ್ಯ ಸಭಾಂಗಣವನ್ನು ಆಟಕ್ಕೆ ಬಳಸುವುದು ಕಡಿಮೆ. ಫೆಲೋಶಿಪ್ ಹಾಲ್ ಅಥವಾ ಜಿಮ್ ಸಾಕು. ಮರೆಗೆ ದೊಡ್ಡ ರಟ್ಟಿನ ಪೆಟ್ಟಿಗೆಗಳೇ ವಾಸಿ; ಮಗು ಬಂದು ಗುದ್ದಿದರೂ ಪೆಟ್ಟಾಗುವುದಿಲ್ಲ. ಮಡಿಸುವ ಟೇಬಲ್ಲನ್ನು ಮಗುಚಿ ನಿಲ್ಲಿಸುವುದಾದರೆ ಅದು ಯಾರ ಮೇಲೂ ಬೀಳದಂತೆ ಗೋಡೆಗೆ ಒರಗಿಸಿರಬೇಕು. ತುರ್ತು ಬಾಗಿಲುಗಳ ಮುಂದೆ ಏನೂ ಇಡಬಾರದು. ಎಲ್ಲ ದೀಪ ಆರಿಸಿ ಆಡೋಣ ಎಂದು ಮಕ್ಕಳು ದುಂಬಾಲು ಬೀಳುತ್ತಾರೆ, ಒಪ್ಪಬೇಡಿ. ಕತ್ತಲಲ್ಲಿ ತಲೆಗೆ ತಲೆ ಡಿಕ್ಕಿ ಹೊಡೆಯುತ್ತದೆ. ಬರೀ ಸಾಕ್ಸ್‌ನಲ್ಲಿ ಓಡಿದರೆ ಜಾರುತ್ತದೆ, ಶೂ ಕಡ್ಡಾಯ.

30 ಮಕ್ಕಳಿಗೆ ತಲಾ 20 ಡಾರ್ಟಿನಂತೆ 600 ಬೇಕು. "ಇದು ನಂದು, ಅದು ನಿಂದು" ಎಂಬ ಜಗಳ ಬೇಡವೆಂದರೆ ಡಾರ್ಟುಗಳೆಲ್ಲ ಒಂದೇ ರಾಶಿಗೆ ಎಂದು ಮೊದಲೇ ಹೇಳಿಬಿಡಿ. ಗನ್ನಿಗೆ ಮಾತ್ರ ಟೇಪಿನ ಮೇಲೆ ಹೆಸರು ಬರೆದು ಅಂಟಿಸಿ. ಗನ್ ಇಲ್ಲದ ಮಗು ಮೂಲೆಯಲ್ಲಿ ನಿಲ್ಲದಂತೆ ನಾಲ್ಕೈದು ಹೆಚ್ಚಿಗೆ ಇಟ್ಟುಕೊಳ್ಳುವುದು ಒಳ್ಳೆಯದು.

ನಿಯಮ ಐದೇ ಇರಲಿ

1. ಕುತ್ತಿಗೆಯಿಂದ ಮೇಲೆ ಗುರಿ ಇಡಬಾರದು.
2. 10 ಅಡಿಗಿಂತ ಹತ್ತಿರದಿಂದ ಹೊಡೆಯಬಾರದು. ಅಷ್ಟು ಹತ್ತಿರ ಬಂದರೆ "ಔಟ್" ಎಂದು ಕೂಗಿದರೆ ಸಾಕು.
3. ಡಾರ್ಟ್ ತಗುಲಿದವರು ತಾವೇ ಒಪ್ಪಿಕೊಂಡು ಹೊರಗೆ ಬರಬೇಕು.
4. ಸ್ಪ್ರಿಂಗ್ ಬದಲಿಸಿ ಬಲ ಹೆಚ್ಚಿಸಿದ ಗನ್ನುಗಳು ಬೇಡ. 14 ವರ್ಷ ಮೇಲ್ಪಟ್ಟವರಿಗೆಂದೇ ಮಾಡಿದ, ಉಂಡೆ ಹಾರಿಸುವ ಬಿರುಸಿನ ಗನ್ನುಗಳನ್ನೂ ಚಿಕ್ಕವರಿರುವಲ್ಲಿ ತರಬಾರದು.
5. ಸೀಟಿ ಊದಿದ ಕೂಡಲೇ ಎಲ್ಲರೂ ನಿಲ್ಲಬೇಕು.

ಆಟಗಳನ್ನು 8-10 ನಿಮಿಷದ ಸುತ್ತುಗಳಾಗಿ ಮಾಡಿದರೆ ಔಟಾದವರು ಬಹಳ ಹೊತ್ತು ಕೂರಬೇಕಾಗಿಲ್ಲ. ಬಾವುಟ ಕದಿಯುವ ಆಟ ಎಲ್ಲರಿಗೂ ಗೊತ್ತು. ‘ಡಾಕ್ಟರ್’ ಆಟದಲ್ಲಿ ಪ್ರತಿ ತಂಡಕ್ಕೂ ಒಬ್ಬ ಗುಟ್ಟಿನ ಡಾಕ್ಟರ್. ಅವನು ಮುಟ್ಟಿದರೆ ಬಿದ್ದವರು ಮತ್ತೆ ಏಳುತ್ತಾರೆ. ಓಟದಲ್ಲಿ ಹಿಂದಿರುವ ಮಗುವೂ ಇದರಲ್ಲಿ ಮಿಂಚಬಹುದು. ನಮ್ಮ ಲಗೋರಿಯನ್ನೇ ಇಲ್ಲಿಗೆ ಹೊಂದಿಸಬಹುದು: ಪೇಪರ್ ಕಪ್ಪುಗಳ ಗೋಪುರವನ್ನು ಒಂದು ತಂಡ ಡಾರ್ಟಿನಿಂದ ಉರುಳಿಸಿ, ಎದುರಾಳಿಗಳ ಡಾರ್ಟು ತಪ್ಪಿಸಿಕೊಳ್ಳುತ್ತ ಮತ್ತೆ ಕಟ್ಟಬೇಕು.

ಕಳಿಸುವ ಮುನ್ನ ಕೇಳಬೇಕಾದ್ದು

ದೊಡ್ಡವರು ಎಷ್ಟು ಜನ ಇರುತ್ತಾರೆ ಎಂದು ಕೇಳಲು ಸಂಕೋಚ ಬೇಡ. ಮಕ್ಕಳೊಂದಿಗೆ ಯಾವಾಗಲೂ ಕನಿಷ್ಠ ಇಬ್ಬರು ದೊಡ್ಡವರು ಇರಬೇಕು, ವಾಲಂಟಿಯರ್‌ಗಳ ಹಿನ್ನೆಲೆ ತಪಾಸಣೆ ಆಗಿರಬೇಕು ಎಂಬ ನಿಯಮ ಅನೇಕ ಚರ್ಚುಗಳಲ್ಲಿದೆ. ಒಪ್ಪಿಗೆ ಪತ್ರದಲ್ಲಿ ಅಲರ್ಜಿ, ಆಸ್ತಮಾ, ತುರ್ತು ಫೋನ್ ನಂಬರ್ ಎಲ್ಲ ತುಂಬಿ.

ಊಟಕ್ಕೆ ಸಾಮಾನ್ಯವಾಗಿ ಪಿಜ್ಜಾ. ಪೆಪರೋನಿಯಲ್ಲಿ ಹಂದಿ ಮತ್ತು ದನದ ಮಾಂಸವಿರುತ್ತದೆ, ಮಾರ್ಷ್‌ಮೆಲೊದಲ್ಲಿ ಸಾಮಾನ್ಯವಾಗಿ ಜೆಲಟಿನ್. ಸಸ್ಯಾಹಾರಿಗಳಾದರೆ ಮುಂಚಿತವಾಗಿ ತಿಳಿಸಿ. ಒಂದು ಚೀಸ್ ಪಿಜ್ಜಾ ಹೆಚ್ಚಿಗೆ ತರಿಸುವುದು ಯಾರಿಗೂ ಭಾರವಲ್ಲ. ಮಧ್ಯದಲ್ಲಿ 10-15 ನಿಮಿಷ ಬೈಬಲ್ ಮಾತು, ಪ್ರಾರ್ಥನೆ ಇರುವುದು ರೂಢಿ. ಇದು ಅವರ ಮನೆ, ಅವರ ಪದ್ಧತಿ. ಮಗು ಆಗ ಗೌರವದಿಂದ ಸುಮ್ಮನೆ ಕೂತಿರಬಹುದೇ ಎಂದು ನಡೆಸುವವರನ್ನು ನೇರವಾಗಿ ಕೇಳಿ, ಮಗುವಿಗೂ ಮೊದಲೇ ಹೇಳಿರಿ. ಕಳಿಸುವುದು ಬಿಡುವುದು ನಿಮ್ಮ ನಿಮ್ಮ ಮನೆಯ ತೀರ್ಮಾನ.

ಹಾಲಿನ ಬಾಗಿಲು ದಾಟಿದ ಮೇಲೆ

ಇದು ಎಲ್ಲಕ್ಕಿಂತ ಮುಖ್ಯ. 2014ರ ನವೆಂಬರ್‌ನಲ್ಲಿ ಒಹಾಯೋದ ಕ್ಲೀವ್‌ಲ್ಯಾಂಡಿನಲ್ಲಿ 12 ವರ್ಷದ ಟಾಮಿರ್ ರೈಸ್ ಎಂಬ ಹುಡುಗನನ್ನು ಪಾರ್ಕಿನಲ್ಲಿ ಪೊಲೀಸರು ಗುಂಡಿಟ್ಟು ಕೊಂದರು. ಅವನ ಕೈಯಲ್ಲಿದ್ದದ್ದು ಪ್ಲಾಸ್ಟಿಕ್ ಗುಂಡು ಹಾರಿಸುವ ಏರ್‌ಸಾಫ್ಟ್ ಪಿಸ್ತೂಲು, ನೋಡಲು ನಿಜವಾದದ್ದರಂತೆಯೇ ಇತ್ತು. ಅದರ ತುದಿಯ ಕಿತ್ತಳೆ ಗುರುತು ಇರಲಿಲ್ಲ. ಆಟಿಕೆ ಬಂದೂಕಿಗೆ ಅಂಥ ಗುರುತು ಇರಬೇಕೆಂದು ಅಮೆರಿಕದಲ್ಲಿ 1989ರಿಂದ ನಿಯಮವಿದೆ. ಆದರೆ ಗುರುತಿದ್ದ ಮಾತ್ರಕ್ಕೆ ದೂರದಿಂದ, ಕತ್ತಲಲ್ಲಿ ನೋಡಿದವರಿಗೆ ಅದು ಕಂಡೇ ಕಾಣುತ್ತದೆ ಎನ್ನುವಂತಿಲ್ಲ.

ಹಾಗಾಗಿ ನರ್ಫ್ ಗನ್ನಿಗೆ ಕಪ್ಪು ಬಣ್ಣ ಬಳಿಯಲು ಬಿಡಬೇಡಿ. ಮನೆಯಿಂದ ಹಾಲಿನವರೆಗೆ ಅದು ಮುಚ್ಚಿದ ಚೀಲದಲ್ಲಿ, ಕಾರಿನ ಡಿಕ್ಕಿಯಲ್ಲೇ ಬರಲಿ. ಪಾರ್ಕಿಂಗ್ ಲಾಟಿನಲ್ಲಿ ಆಟ ಖಂಡಿತ ಬೇಡ. ಶುಕ್ರವಾರವೆಂದು ಬೆಳಿಗ್ಗೆಯೇ ಸ್ಕೂಲ್ ಬ್ಯಾಗಿಗೆ ತುರುಕುವುದೂ ಬೇಡ. ಅನೇಕ ಶಾಲೆಗಳಲ್ಲಿ ಆಟಿಕೆ ಬಂದೂಕು ತಂದರೂ ಸಸ್ಪೆಂಡ್ ಮಾಡುತ್ತಾರೆ. ಮಕ್ಕಳನ್ನು ಹೆದರಿಸಬೇಕಾಗಿಲ್ಲ. "ಇದು ಒಳಗಿನ ಆಟ, ಒಳಗೇ ಮುಗಿಯಬೇಕು" ಎಂದು ಸ್ಪಷ್ಟವಾಗಿ ಹೇಳಿದರೆ ಅವರಿಗೆ ಅರ್ಥವಾಗುತ್ತದೆ.

ಕನ್ನಡ ಕೂಟಗಳ ಎಷ್ಟೋ ಸಮಾರಂಭಗಳು ಬಾಡಿಗೆ ಹಿಡಿದ ಚರ್ಚ್ ಹಾಲುಗಳಲ್ಲೇ ನಡೆಯುತ್ತವೆ. ನಮ್ಮ ಮಕ್ಕಳಿಗೂ ಅಲ್ಲೇ ಇಂಥದೊಂದು ಸಂಜೆ ಏರ್ಪಡಿಸಬಾರದೇಕೆ? ಹಾಲಿನವರ ಅನುಮತಿ ಪಡೆದು, ಸೇಫ್ಟಿ ಗ್ಲಾಸ್, ಐದು ನಿಯಮ, ಒಂದು ಸೀಟಿ, ಎಚ್ಚರದಿಂದಿರುವ ನಾಲ್ಕು ಜನ ದೊಡ್ಡವರು ಇದ್ದರೆ ಆಯಿತು. ಪಿಜ್ಜಾ ಜೊತೆಗೆ ಒಂದಿಷ್ಟು ಚಿತ್ರಾನ್ನವೂ ಇರಲಿ. ಕೊನೆಗೆ ಸೋಫಾ ಕೆಳಗಿನ ಡಾರ್ಟುಗಳನ್ನು ಹೆಕ್ಕಲು ಮಾತ್ರ ಮಕ್ಕಳನ್ನೇ ನಿಲ್ಲಿಸಿ... ಅಪ್ಪಂದಿರ ಬೆನ್ನು ಅಷ್ಟೊಂದು ಬಗ್ಗಲಾರದು!