ಮ್ಯಾನ್‌ಹಟನ್‌ವಿಲ್‌ನ ಹದಿನೇಳು ಎಕರೆ

ನ್ಯೂಯಾರ್ಕಿನ ಸಬ್‌ವೇ ಹೆಸರಿಗೆ ನೆಲದಡಿಯ ರೈಲು. ಆದರೆ ಒಂದನೇ ನಂಬರಿನ ರೈಲು ಪಶ್ಚಿಮ ಹಾರ್ಲೆಮ್ ಮುಟ್ಟುತ್ತಿದ್ದಂತೆ ಬಯಲಿಗೆ ಬಂದು, ಉಕ್ಕಿನ ಕಮಾನಿನ ಮೇಲೆ 125ನೇ ರಸ್ತೆಯನ್ನು ದಾಟುತ್ತದೆ. ಹಳಿ ಮೇಲೇರಿದ್ದಲ್ಲ, ಕಾಲಡಿಯ ನೆಲವೇ ತಗ್ಗಿದ್ದು. ದಕ್ಷಿಣಕ್ಕೆ ಮಾರ್ನಿಂಗ್‌ಸೈಡ್ ಹೈಟ್ಸ್ ದಿಬ್ಬ, ಉತ್ತರಕ್ಕೆ ಹ್ಯಾಮಿಲ್ಟನ್ ಹೈಟ್ಸ್, ಪಶ್ಚಿಮಕ್ಕೆ ಹಡ್ಸನ್ ನದಿ; ನಡುವಿನ ಈ ಕಣಿವೆಯೇ ಮ್ಯಾನ್‌ಹಟನ್‌ವಿಲ್. ನದಿಯೂ ರೈಲೂ ಕೈಗೆಟಕುವಷ್ಟು ಹತ್ತಿರವಿದ್ದುದರಿಂದ ಇಲ್ಲಿ ಹಾಲಿನ ಡೇರಿ ಬಂತು, ಸ್ಟುಡ್‌ಬೇಕರ್ ಕಾರು ಕಂಪನಿಯ ಕಟ್ಟಡ ಬಂತು, ಆಮೇಲೆ ಗೋದಾಮುಗಳು, ಗ್ಯಾರೇಜುಗಳು, ಮಾಂಸದ ಸಗಟು ಅಂಗಡಿಗಳು ಬಂದವು. ಇಂದು ಅದೇ ಜಾಗದಲ್ಲಿ ಮಿದುಳಿನ ಸಂಶೋಧನೆಗೆಂದು ಕಟ್ಟಿದ ಒಂಬತ್ತು ಮಹಡಿಯ ಗಾಜಿನ ಸೌಧವಿದೆ, ಪಕ್ಕದಲ್ಲಿ ಕಲಾ ಕೇಂದ್ರ, 2022ರಲ್ಲಿ ತೆರೆದ ಬಿಸಿನೆಸ್ ಸ್ಕೂಲಿನ ಎರಡು ಕಟ್ಟಡಗಳು. ಎಲ್ಲವೂ ಕೊಲಂಬಿಯಾ ವಿಶ್ವವಿದ್ಯಾಲಯದ್ದು.

ಕೊಲಂಬಿಯಾ ಎಂದರೆ ನಮಗೆ ಮೊದಲು ನೆನಪಾಗುವುದು 1913ರಿಂದ 1916ರವರೆಗೆ ಅಲ್ಲಿ ಓದಿದ ಅಂಬೇಡ್ಕರ್. ಅವರು ಹೋಗುವ ಹೊತ್ತಿಗೆ ವಿಶ್ವವಿದ್ಯಾಲಯ ಊರ ನಡುವಿನ ಹಳೆಯ ಜಾಗ ಬಿಟ್ಟು ಮಾರ್ನಿಂಗ್‌ಸೈಡ್ ದಿಬ್ಬಕ್ಕೆ ಬಂದು ಇಪ್ಪತ್ತು ವರ್ಷವೂ ಆಗಿರಲಿಲ್ಲ. ಶತಮಾನ ಕಳೆಯುವುದರೊಳಗೆ ಆ ದಿಬ್ಬವೂ ಸಾಲದಾಯಿತು. 2003ರಲ್ಲಿ ಆಗಿನ ಅಧ್ಯಕ್ಷ ಲೀ ಬೊಲಿಂಜರ್, ಬ್ರಾಡ್‌ವೇಯಿಂದ ನದಿಯ ಕಡೆಗೆ, 125ನೇ ರಸ್ತೆಯಿಂದ 133ನೇ ರಸ್ತೆಯವರೆಗಿನ ಹದಿನೇಳು ಎಕರೆಯಲ್ಲಿ ಹೊಸ ಕ್ಯಾಂಪಸ್ ಕಟ್ಟುವ ಯೋಜನೆ ಮುಂದಿಟ್ಟರು. ನಕ್ಷೆಯ ಹೊಣೆ ಹೊತ್ತವರಲ್ಲಿ ಇಟಲಿಯ ರೆಂಜೊ ಪಿಯಾನೊ ಒಬ್ಬರು. ಸುತ್ತಲಿನವರು ಇದನ್ನು ಕೇಳಿದ್ದು ಹಳೆಯ ಗಾಯದ ಮೇಲೆ ಕೈಯಿಟ್ಟುಕೊಂಡೇ. 1968ರಲ್ಲಿ ಇದೇ ವಿಶ್ವವಿದ್ಯಾಲಯ ಮಾರ್ನಿಂಗ್‌ಸೈಡ್ ಉದ್ಯಾನದಲ್ಲಿ, ಅಂದರೆ ಸಾರ್ವಜನಿಕ ಜಾಗದಲ್ಲಿ, ತನ್ನ ವ್ಯಾಯಾಮಶಾಲೆ ಕಟ್ಟಲು ಹೊರಟಿತ್ತು. ವಿದ್ಯಾರ್ಥಿಗಳಿಗೆ ಮೇಲಿನ ಬಾಗಿಲು, ಹಾರ್ಲೆಮಿನ ಕಪ್ಪು ಜನರಿಗೆ ಕೆಳಗಿನ ಬಾಗಿಲು. ವಿದ್ಯಾರ್ಥಿಗಳು ಕಟ್ಟಡಗಳನ್ನು ಆಕ್ರಮಿಸಿ ಕುಳಿತರು, ಪೊಲೀಸರು ನುಗ್ಗಿದರು, ಕೊನೆಗೆ ವ್ಯಾಯಾಮಶಾಲೆಯ ಯೋಜನೆಯನ್ನೇ ಕೈಬಿಡಬೇಕಾಯಿತು.

ಹಾಗೆಂದು ಹಾರ್ಲೆಮ್ ಬರಿಯ ಬೇಡ ಎನ್ನುವವರ ಕೇರಿಯಾಗಿ ನಿಲ್ಲಲಿಲ್ಲ. ಸ್ಥಳೀಯ ಒಂಬತ್ತನೇ ಸಮುದಾಯ ಮಂಡಳಿ ತನ್ನದೇ ಯೋಜನೆ ಬರೆದಿತ್ತು. ಸಣ್ಣ ಕೈಗಾರಿಕೆ ಉಳಿಯಲಿ, ಕೈಗೆಟಕುವ ಬಾಡಿಗೆಯ ಮನೆ ಬರಲಿ, ಕೊಲಂಬಿಯಾವೂ ಬೆಳೆಯಲಿ, ಆದರೆ ಒಲ್ಲದವರ ಜಾಗ ಕಿತ್ತುಕೊಳ್ಳಬಾರದು ಎಂಬುದು ಅದರ ತಿರುಳು. ಕೊಲಂಬಿಯಾದ ನಕ್ಷೆಯನ್ನು ಮಂಡಳಿ ಭಾರೀ ಬಹುಮತದಿಂದ ತಿರಸ್ಕರಿಸಿತು. ಆದರೆ ಮಂಡಳಿಯದು ಸಲಹೆಯಷ್ಟೇ. 2007ರ ಡಿಸೆಂಬರ್ 19ರಂದು ನಗರ ಪರಿಷತ್ತು ಎರಡೂ ಯೋಜನೆಗಳಿಗೆ ಒಪ್ಪಿಗೆ ಕೊಟ್ಟಿತು. ಸಮುದಾಯದ್ದನ್ನು ತಿದ್ದಿ, ಆ ಹದಿನೇಳು ಎಕರೆಯಲ್ಲಿ ಕೊಲಂಬಿಯಾದ ಮಾತೇ ನಡೆಯುವಂತೆ. ಇಬ್ಬರಿಗೂ ಹೂಂ ಅಂದು ಒಬ್ಬರ ಕೆಲಸ ಮಾಡಿಕೊಡುವ ಕಲೆ ನಮ್ಮ ನಗರಪಾಲಿಕೆಗಳಿಗೆ ಮಾತ್ರ ಸಿದ್ಧಿಸಿದ್ದಲ್ಲ.

ವಿಶ್ವವಿದ್ಯಾಲಯ ಬೆಳೆದದ್ದು ನನ್ನ ತಕರಾರಲ್ಲ. ಖಾಸಗಿ ಸಂಸ್ಥೆಯೊಂದು ಸರ್ಕಾರದ ಭೂಸ್ವಾಧೀನದ ಅಧಿಕಾರವನ್ನು ಬೆನ್ನಿಗಿಟ್ಟುಕೊಂಡು ಜಮೀನು ಕೊಳ್ಳಲು ಕುಳಿತರೆ ಅದು ವ್ಯಾಪಾರವಾಗಿ ಉಳಿಯುವುದಿಲ್ಲ ಎಂಬುದು ನನ್ನ ವಾದ. ಈ ಪ್ರಕರಣದಲ್ಲಿ ಅದಕ್ಕೆ ಆಧಾರ ಬೇಕಾದಷ್ಟಿದೆ. 2008ರ ಡಿಸೆಂಬರಿನಲ್ಲಿ ರಾಜ್ಯದ ಅಭಿವೃದ್ಧಿ ನಿಗಮ ಮ್ಯಾನ್‌ಹಟನ್‌ವಿಲ್ ಅನ್ನು ಹಾಳುಬಿದ್ದ ಪ್ರದೇಶವೆಂದು ಘೋಷಿಸಿ ಯೋಜನೆಯನ್ನು ಅಂಗೀಕರಿಸಿತು. ಹಾಳೆಂದು ಸಮೀಕ್ಷೆ ಮಾಡಿದ ಸಲಹಾ ಸಂಸ್ಥೆ ಅದೇ ಯೋಜನೆಗಾಗಿ ಕೊಲಂಬಿಯಾದ ಕೆಲಸವನ್ನೂ ಮಾಡುತ್ತಿತ್ತು. ಅಷ್ಟರಲ್ಲಿ ಅಲ್ಲಿನ ಬಹುಪಾಲು ಆಸ್ತಿ ಕೊಲಂಬಿಯಾದ ಕೈ ಸೇರಿತ್ತು. ಕೊಂಡವರು ಬಾಡಿಗೆದಾರರನ್ನು ಖಾಲಿ ಮಾಡಿಸುತ್ತಾರೆ, ಬೀಗ ಬಿದ್ದ ಕಟ್ಟಡ ಸೋರುತ್ತದೆ, ಸೋರುವ ಕಟ್ಟಡ ಸಮೀಕ್ಷೆಯಲ್ಲಿ ಸಾಕ್ಷಿಯಾಗುತ್ತದೆ: ಕೊನೆಯವರೆಗೂ ಮಾರಲೊಪ್ಪದ ಗೋದಾಮಿನ ಮಾಲೀಕರೂ ಎರಡು ಪೆಟ್ರೋಲ್ ಬಂಕ್ ನಡೆಸುತ್ತಿದ್ದ ಭಾರತೀಯ ಮೂಲದ ಕುಟುಂಬವೂ ನ್ಯಾಯಾಲಯದಲ್ಲಿ ಹೂಡಿದ ವಾದವಿದು. 2009ರ ಡಿಸೆಂಬರಿನಲ್ಲಿ ಮೇಲ್ಮನವಿ ಪೀಠ 3–2ರ ಬಹುಮತದಿಂದ ಸ್ವಾಧೀನವನ್ನು ತಳ್ಳಿಹಾಕಿತು. 2010ರ ಜೂನಿನಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯ ಆ ತೀರ್ಪನ್ನು ಸರ್ವಾನುಮತದಿಂದ ತಿರುಗಿಸಿತು. ಖಾಸಗಿ ವಿಶ್ವವಿದ್ಯಾಲಯವೂ ನಾಗರಿಕ ಉದ್ದೇಶದ ಯೋಜನೆಯಾಗಬಲ್ಲದು ಎಂದಿತು. ಅಮೆರಿಕದ ಸುಪ್ರೀಂ ಕೋರ್ಟ್ ಮೇಲ್ಮನವಿ ಆಲಿಸಲು ಒಪ್ಪಲಿಲ್ಲ. ಇದಾಗಿ ಮೂರು ವರ್ಷಕ್ಕೆ ಭಾರತದ ಸಂಸತ್ತು ಹೊಸ ಭೂಸ್ವಾಧೀನ ಕಾಯ್ದೆ ಮಾಡಿತು. ಸಾರ್ವಜನಿಕ ಉದ್ದೇಶದ ಪಟ್ಟಿಗೆ ಮೂಲಸೌಕರ್ಯ ಯೋಜನೆಗಳನ್ನು ಸೇರಿಸುವಾಗ ಖಾಸಗಿ ಆಸ್ಪತ್ರೆ, ಖಾಸಗಿ ಶಿಕ್ಷಣ ಸಂಸ್ಥೆ, ಖಾಸಗಿ ಹೋಟೆಲುಗಳನ್ನು ಸ್ಪಷ್ಟವಾಗಿ ಹೊರಗಿಟ್ಟಿತು. ನಮ್ಮಲ್ಲಿ ಕಾಯ್ದೆ ಹೇಗೆ ಪಾಲನೆಯಾಗುತ್ತದೆ ಎಂಬುದು ಬೇರೆ ಕಥೆ. ಕಾಲೇಜನ್ನು ಹೋಟೆಲಿನ ಪಕ್ಕದಲ್ಲಿ ಕೂರಿಸಿದ ಆ ವಿವೇಕ ಮಾತ್ರ ನ್ಯೂಯಾರ್ಕಿಗೆ ಬರಲಿಲ್ಲ.

ಇದಕ್ಕೆ ಎದುರು ಮಾತುಗಳಿವೆ, ಹಗುರವಾದವೇನಲ್ಲ. ಟೀಕೆ ಬಂದ ಮೇಲೆ ನಿಗಮ ಇನ್ನೊಂದು ಸಂಸ್ಥೆಯಿಂದ ಸಮೀಕ್ಷೆ ಮಾಡಿಸಿತು, ಅದೂ ಪ್ರದೇಶ ಹಾಳಾಗಿದೆ ಎಂದೇ ಹೇಳಿತು. ನಿಜ, ಆದರೆ ಕಟ್ಟಡಗಳು ಖಾಲಿಯಾದ ಮೇಲೆ ಯಾರು ಎಣಿಸಿದರೂ ಖಾಲಿಯೇ ಸಿಗುವುದು. ಅಲ್ಲಿದ್ದದ್ದು ಹೆಚ್ಚಾಗಿ ಗೋದಾಮು, ಮನೆಗಳು ಕಡಿಮೆ, ಮನೆಯಲ್ಲಿರುವವರ ಮೇಲೆ ಬಲವಂತದ ಸ್ವಾಧೀನ ಬೇಡವೆಂದು ಕೊಲಂಬಿಯಾವೇ ಮಾತು ಕೊಟ್ಟಿತ್ತು ಎನ್ನುತ್ತಾರೆ. ಅದೂ ನಿಜ. ಆದರೆ ಆತಂಕ ಹದಿನೇಳು ಎಕರೆಯ ಒಳಗಿನದ್ದಷ್ಟೇ ಆಗಿರಲಿಲ್ಲ. ಪ್ರಾಧ್ಯಾಪಕರೂ ಸಂಶೋಧಕರೂ ಬಂದಲ್ಲಿ ಸುತ್ತಲಿನ ಬಾಡಿಗೆ ಏರುತ್ತದೆ, ಗ್ಯಾರೇಜಿನ ಮೆಕ್ಯಾನಿಕ್ಕಿಗೆ ಪ್ರಯೋಗಾಲಯದಲ್ಲಿ ಕೆಲಸ ಸಿಗುವುದಿಲ್ಲ. ಹೊಸ ಕ್ಯಾಂಪಸ್ಸಿಗೆ ಗೋಡೆಯಿಲ್ಲ, ಗೇಟಿಲ್ಲ, ನೆಲಮಹಡಿಗಳು ಊರಿಗೆ ತೆರೆದಿವೆ ಎಂಬುದು ಮೂರನೆಯ ಮಾತು. ಪಿಯಾನೊ ಅವರ ಈ ಕಲ್ಪನೆ ಮೆಚ್ಚತಕ್ಕದ್ದೇ. ಆದರೆ ದಿಬ್ಬದ ಮೇಲಿನ ಹಳೆಯ ಕ್ಯಾಂಪಸ್ಸಿನ ನಡುವೆ ಹಾಯುವ 116ನೇ ರಸ್ತೆಯ ದಾರಿಯಲ್ಲೂ ಜನ ದಶಕಗಳ ಕಾಲ ನಡೆದಾಡಿದ್ದರು. ಗಾಜಾ ಯುದ್ಧದ ವಿರುದ್ಧ ವಿದ್ಯಾರ್ಥಿಗಳು ನಡೆಸಿದ 2024ರ ಪ್ರತಿಭಟನೆಗಳ ಹೊತ್ತಿಗೆ ವಿಶ್ವವಿದ್ಯಾಲಯ ಅದರ ಗೇಟು ಹಾಕಿ ಹೊರಗಿನವರನ್ನು ತಡೆಯಿತು. ಬಾಗಿಲಿನ ಕೀಲಿ ಯಾರ ಬಳಿ ಇದೆ ಎಂಬುದು ಆಗ ಗೊತ್ತಾಯಿತು.

ಉಳಿದದ್ದು ದುಡ್ಡಿನ ಲೆಕ್ಕ. 2009ರ ಮೇ ತಿಂಗಳಲ್ಲಿ ಕೊಲಂಬಿಯಾ ಪಶ್ಚಿಮ ಹಾರ್ಲೆಮಿಗೆ 15 ಕೋಟಿ ಡಾಲರ್ ಮೌಲ್ಯದ ಒಪ್ಪಂದ ಮಾಡಿಕೊಂಡಿತು: ಸಮುದಾಯ ನಿಧಿಗೆ 7.6 ಕೋಟಿ, ಕೈಗೆಟಕುವ ಮನೆಗಳಿಗೆ 2.4 ಕೋಟಿ, ಶಾಲೆಗೆ 3 ಕೋಟಿ, ಉಳಿದದ್ದು ಸೇವೆಗಳ ರೂಪದಲ್ಲಿ. ಹಲವು ವರ್ಷಗಳಲ್ಲಿ ಹಂಚಿಕೊಡುವ ಹಣವಿದು. ಶಾಲೆ ಬಂತು, ನಿಧಿ ಬಂತು, ಇವನ್ನು ಅಲ್ಲಗಳೆಯಲಾಗದು. ಈ ಮೊತ್ತದ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಬೇಕು. ಶಿಕ್ಷಣ ಸಂಸ್ಥೆಯಾದ್ದರಿಂದ ಕೊಲಂಬಿಯಾಕ್ಕೆ ಆಸ್ತಿ ತೆರಿಗೆಯ ವಿನಾಯಿತಿಯಿದೆ. 2023ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪ್ರಕಟಿಸಿದ ತನಿಖಾ ವರದಿಯ ಪ್ರಕಾರ ಹೀಗೆ ಉಳಿಯುವ ತೆರಿಗೆ ವರ್ಷಕ್ಕೆ 18.2 ಕೋಟಿ ಡಾಲರಿಗೂ ಹೆಚ್ಚು. ವಿಳಾಸಗಳ ಲೆಕ್ಕದಲ್ಲಿ ಆ ನಗರದ ಅತಿ ದೊಡ್ಡ ಖಾಸಗಿ ಭೂಮಾಲೀಕ ಈಗ ಈ ವಿಶ್ವವಿದ್ಯಾಲಯವೇ. ವಿನಾಯಿತಿ ಮ್ಯಾನ್‌ಹಟನ್‌ವಿಲ್ ಒಂದರದ್ದಲ್ಲ, ಒಟ್ಟು ಆಸ್ತಿಯದ್ದು ಎಂಬುದನ್ನು ಮರೆಯದೆಯೇ ಹೇಳಬಹುದು: ನಗರ ಒಂದು ವರ್ಷದಲ್ಲಿ ಬಿಟ್ಟುಕೊಡುವುದು ಹಾರ್ಲೆಮಿಗೆ ಸಿಕ್ಕ ಇಡೀ ಕೊಡುಗೆಗಿಂತ ದೊಡ್ಡದು.

ಆ ವರದಿ ಬಂದ 2023ರ ಡಿಸೆಂಬರಿನಲ್ಲೇ, ಆಗ ರಾಜ್ಯ ಶಾಸಕರಾಗಿದ್ದ ಜೊಹ್ರಾನ್ ಮಮ್ದಾನಿ ಮತ್ತು ಸೆನೆಟರ್ ಜಾನ್ ಲಿಯು, ಕೊಲಂಬಿಯಾ ಹಾಗೂ ನ್ಯೂಯಾರ್ಕ್ ವಿಶ್ವವಿದ್ಯಾಲಯಗಳ ಈ ವಿನಾಯಿತಿ ತೆಗೆದು ಆ ಹಣವನ್ನು ನಗರದ ಸಾರ್ವಜನಿಕ ವಿಶ್ವವಿದ್ಯಾಲಯಕ್ಕೆ ಕೊಡಬೇಕೆಂದು ಪ್ರಸ್ತಾವ ತಂದರು. ಇದಕ್ಕೆ ರಾಜ್ಯದ ಸಂವಿಧಾನವನ್ನೇ ತಿದ್ದಬೇಕು. ಒಂದರ ನಂತರ ಒಂದರಂತೆ ಆರಿಸಿ ಬಂದ ಎರಡು ಶಾಸನಸಭೆಗಳು ಒಪ್ಪಬೇಕು, ಬಳಿಕ ಮತದಾರರು ಒಪ್ಪಬೇಕು. ಮಮ್ದಾನಿ 2025ರಲ್ಲಿ ಮೇಯರ್ ಚುನಾವಣೆ ಗೆದ್ದರು, ಆದರೆ ಈ ತಿದ್ದುಪಡಿ ಮೇಯರ್ ಕೈಯಲ್ಲಿಲ್ಲ. ಆ ಹಣ ಎಂದಾದರೂ ಬಂದರೆ ಒಂದು ಪಾಲು ಹೋಗಬೇಕಾದ, ಆ ಸಾರ್ವಜನಿಕ ವಿಶ್ವವಿದ್ಯಾಲಯದ ಭಾಗವೇ ಆದ ಸಿಟಿ ಕಾಲೇಜು ಮ್ಯಾನ್‌ಹಟನ್‌ವಿಲ್‌ನಿಂದ ನಡೆದು ಹೋಗುವಷ್ಟು ದೂರದಲ್ಲಿ, ಉತ್ತರದ ದಿಬ್ಬದ ಮೇಲಿದೆ. 1847ರಲ್ಲಿ ಬಡವರ ಮಕ್ಕಳಿಗೆ ಶುಲ್ಕವಿಲ್ಲದೆ ಕಲಿಸಲು ಸ್ಥಾಪಿಸಿದ ಕಾಲೇಜು ಅದು.