ಅಕ್ಷರದೊಳಗೆ ಹಳೇ ಮನೆ

ತೀರ್ಥಹಳ್ಳಿ ಹತ್ತಿರದ ನಮ್ಮ ಹಳೇ ಮನೆಯನ್ನು ಕೆಡವಿ ಅಣ್ಣನ ಮಗ ಹೊಸದು ಕಟ್ಟಿಸಿದ. ಗೃಹಪ್ರವೇಶಕ್ಕೆ ಏನು ಕೊಡುವುದು ಎಂದು ನಮ್ಮಲ್ಲಿ ಚರ್ಚೆ ಶುರುವಾಯಿತು. ನನ್ನಾಕೆ ಬೆಳ್ಳಿ ದೀಪ ಎಂದಳು. ಏಳನೇ ತರಗತಿಯ ಮೊಮ್ಮಗಳು, "ಅಜ್ಜ, ‘ಮನೆ’ ಅಂತ ದೊಡ್ಡದಾಗಿ ಬರೆದು, ಅಕ್ಷರದೊಳಗೆ ಹಳೇ ಮನೆ ಫೋಟೋ ತುಂಬಿಸಿ ಫ್ರೇಮ್ ಹಾಕಿಸೋಣ" ಎಂದಳು. ದೀಪ ಸೋತಿತು.

ಮನೆಯದ್ದು ಇದ್ದದ್ದು ಒಂದೇ ಫೋಟೋ. 1981ರದ್ದು. ಹೆಂಚಿನ ಮಾಡು, ಜಗಲಿ, ಜಗಲಿಯ ಮೂಲೆಯಲ್ಲಿ ಅಡಿಕೆ ಸುಲಿಯುತ್ತ ಕುಳಿತ ಅಮ್ಮ. ಅದು ಸಾಗರದ ಅಕ್ಕನ ಬಳಿ ಇತ್ತು. ಅವಳು ನಮ್ಮಲ್ಲಿಗೆ ಬಂದಾಗ ಸ್ಕ್ಯಾನ್ ಮಾಡಿಸಿಕೊಂಡು ಫೋಟೋ ವಾಪಸ್ ಕೊಟ್ಟಿದ್ದೆ.

ನಮ್ಮ ಕಂಪ್ಯೂಟರಿನಲ್ಲಿ ಇರುವುದು ಗಿಂಪ್ ಎಂಬ ಉಚಿತ ತಂತ್ರಾಂಶ. ಇದರಲ್ಲಿ ಚಿತ್ರ ಒಂದು ಪದರ, ಬರಹ ಇನ್ನೊಂದು ಪದರ. ಇದಕ್ಕೆ ಲೇಯರ್ ಎನ್ನುತ್ತಾರೆ. ಬ್ಯಾಂಕಿನಲ್ಲಿ ಕಾರ್ಬನ್ ಹಾಳೆ ಇಟ್ಟು ಮೂರು ಪ್ರತಿ ಬರೆದ ಗುಮಾಸ್ತನಿಗೆ ಪದರ ಎಂದರೇನು ಎಂದು ಯಾರೂ ಹೇಳಿಕೊಡಬೇಕಿಲ್ಲ. ಕಂಪ್ಯೂಟರ್ ಇಲ್ಲದ ಮಕ್ಕಳು ಒಂದು ರಟ್ಟಿನಲ್ಲಿ ನಿಮ್ಮ ಹೆಸರಿನ ಮೊದಲ ಅಕ್ಷರವನ್ನು ದಪ್ಪಗೆ ಬರೆದು ಕತ್ತರಿಸಿ ತೆಗೆಯಿರಿ. ಆ ರಟ್ಟನ್ನು ಹಳೇ ಕ್ಯಾಲೆಂಡರಿನ ಚಿತ್ರದ ಮೇಲೆ ಆಚೀಚೆ ಸರಿಸಿ ನೋಡಿ. ಅಷ್ಟೇ ಇದರ ಗುಟ್ಟು. ಅಕ್ಷರ ಒಂದು ಕಿಟಕಿ.

ಕಿಟಕಿ ಸಣ್ಣದಾದರೆ ಏನೂ ಕಾಣದು. ಮೊದಲು ನಾನು ಆರಿಸಿದ್ದು ಅಂದವಾದ ತೆಳ್ಳಗಿನ ಅಕ್ಷರ. ಅದರೊಳಗೆ ನಮ್ಮ ಮನೆ ಸೇಮಿಗೆಯ ಎಳೆಯಂತೆ ಕಂಡಿತು! ಆಮೇಲೆ ‘ಬಾಲೂ ತಮ್ಮ’ ಎಂಬ ದಪ್ಪ ದುಂಡು ಫಾಂಟ್ ಇಳಿಸಿಕೊಂಡೆವು. ಅದೂ ಉಚಿತ. ಅಣ್ಣನ ಮನೆಗೆ ತಮ್ಮ ಫಾಂಟ್ ಎಂದು ಮೊಮ್ಮಗಳು ನಕ್ಕಳು. ಫಾಂಟ್ ಯುನಿಕೋಡ್‌ನದ್ದೇ ಆಗಿರಲಿ. ನುಡಿ, ಬರಹದ ಹಳೇ ಫಾಂಟ್ ಹಾಕಿದರೆ ಅಕ್ಷರದ ಬದಲು ಏನೇನೋ ಬರುತ್ತದೆ.

ಕೆಲಸ ಹೀಗೆ. ಫೋಟೋ ತೆರೆದು ಅದರ ಮೇಲೆ ‘ಮನೆ’ ಎಂದು ಟೈಪ್ ಮಾಡಿ ದೊಡ್ಡದು ಮಾಡಿಕೊಳ್ಳಬೇಕು. ಬರಹದ ಲೇಯರಿನ ಮೇಲೆ ಮೌಸಿನ ಬಲ ಗುಂಡಿ ಒತ್ತಿ ‘ಆಲ್ಫಾ ಟು ಸೆಲೆಕ್ಷನ್’ ಆರಿಸಿದರೆ ಅಕ್ಷರಗಳ ಸುತ್ತ ಇರುವೆ ಸಾಲಿನಂಥ ಗೆರೆ ಓಡುತ್ತದೆ. ಈಗ ಬರಹದ ಲೇಯರಿನ ಪಕ್ಕದ ಕಣ್ಣಿನ ಗುರುತನ್ನು ಒತ್ತಿ ಅದನ್ನು ಮರೆಮಾಡಿ. ಫೋಟೋ ಲೇಯರಿನ ಮೇಲೆ ಬಲ ಗುಂಡಿ ಒತ್ತಿ ‘ಆ್ಯಡ್ ಲೇಯರ್ ಮಾಸ್ಕ್’, ಅದರಲ್ಲಿ ‘ಸೆಲೆಕ್ಷನ್’. ಅಕ್ಷರದ ಹೊರಗಿನದೆಲ್ಲ ಮಾಯ! ಫೋಟೋಶಾಪ್ ಇರುವವರು ಫೋಟೋವನ್ನು ಬರಹದ ಮೇಲಿನ ಪದರದಲ್ಲಿಟ್ಟು ‘ಕ್ರಿಯೇಟ್ ಕ್ಲಿಪ್ಪಿಂಗ್ ಮಾಸ್ಕ್’ ಒತ್ತಿದರೆ ಸಾಕು.

ಮಾಯವಾದದ್ದು ನಿಜವಾಗಿ ಹೋಗಿರುವುದಿಲ್ಲ, ಮಾಸ್ಕಿನ ಹಿಂದೆ ಅಡಗಿರುತ್ತದೆ. ಇದು ಆ ದಿನ ನನಗೆ ಗೊತ್ತಿರಲಿಲ್ಲ. ಅಕ್ಷರದೊಳಗೆ ಹೆಂಚು ಕಂಡಿತು, ಬಾಗಿಲು ಕಂಡಿತು, ಸಂತೋಷವಾಯಿತು. ಫೈಲ್ ಮೆನುವಿನಲ್ಲಿ ‘ಓವರ್‌ರೈಟ್’ ಎಂದಿತ್ತು. ಒತ್ತಿದೆ. ಮುಚ್ಚುವಾಗ ಏನೋ ಕೇಳಿತು, ಬೇಡ ಎಂದೆ.

ಸಂಜೆ ಶಾಲೆಯಿಂದ ಬಂದ ಮೊಮ್ಮಗಳು ನೋಡಿದವಳೇ, "ಅಜ್ಜ, ಮುತ್ತಜ್ಜಿ ಎಲ್ಲಿ?" ಎಂದಳು. ಅಮ್ಮ ‘ಮ’ಕ್ಕೂ ‘ನೆ’ಗೂ ನಡುವಿನ ಖಾಲಿ ಜಾಗದಲ್ಲಿ ಕುಳಿತಿದ್ದಳು. ಅಂದರೆ ಇರಲೇ ಇಲ್ಲ. ಸರಿಪಡಿಸೋಣವೆಂದು ಮೂಲ ಫೋಟೋ ತೆರೆದರೆ ಅಲ್ಲೂ ಎರಡೇ ಅಕ್ಷರ, ಸುತ್ತ ಬಿಳಿ. ನಾನು ಓವರ್‌ರೈಟ್ ಮಾಡಿದ್ದು ಮೂಲದ ಮೇಲೆಯೇ. ಸಂಜೆ ಲೆಕ್ಕ ತಾಳೆಯಾಗದೆ ಕೌಂಟರ್ ಬಿಟ್ಟೇಳದಿದ್ದವನು, ಇದ್ದ ಒಂದು ಸ್ಕ್ಯಾನಿಗೆ ಪ್ರತಿ ಮಾಡಿಟ್ಟಿರಲಿಲ್ಲ.

ಅಕ್ಕನಿಗೆ ಫೋನ್ ಮಾಡಿದೆ. "ಎಲ್ಲೋ ಟ್ರಂಕಿನಲ್ಲಿ ಇಟ್ಟಿದ್ದೆ ಕಣೋ, ನೋಡ್ತೀನಿ" ಎಂದಳು. ಎರಡು ದಿನ ಸುದ್ದಿಯಿಲ್ಲ. ನನಗೆ ನಿದ್ದೆ ಬರಲಿಲ್ಲ. ಮನೆಯನ್ನಾದರೂ ಜೆಸಿಬಿ ಕೆಡವಿತು, ಫೋಟೋವನ್ನು ನಾನೇ ಕೆಡವಿದೆನಲ್ಲ! ಮೂರನೇ ದಿನ ಹಳೇ ಪಂಚಾಂಗದ ನಡುವೆ ಸಿಕ್ಕಿತು ಎಂದಳು. ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತೇನೆ ಎಂದರೆ ಬೇಡವೆಂದೆ, ಅಲ್ಲಿ ಚಿತ್ರ ಕುಗ್ಗಿ ಬರುತ್ತದೆ. ಶಿವಮೊಗ್ಗದಿಂದ ಬಸ್ಸು ಹತ್ತಿ ನಾನೇ ಹೋಗಿ ತಂದೆ. ಅಕ್ಕ ಬೈಯಲಿಲ್ಲ, ಹಲಸಿನ ಹಪ್ಪಳ ಕಟ್ಟಿಕೊಟ್ಟಳು.

ಈ ಸಲ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿದೆ. ಫೋಟೋ 5 ಇಂಚು ಅಗಲ, ಅಂದರೆ 3000 ಚುಕ್ಕಿ. ಮುದ್ರಣಕ್ಕೆ ಇಂಚಿಗೆ 300 ಚುಕ್ಕಿ ಲೆಕ್ಕ ಹಾಕಿದರೆ 10 ಇಂಚು ಅಗಲದ ‘ಮನೆ’ ಸ್ಪಷ್ಟವಾಗಿ ಬರುತ್ತದೆ.

ಅಮ್ಮನನ್ನು ಅಕ್ಷರದೊಳಗೆ ಕೂರಿಸಿದ್ದು ಮೊಮ್ಮಗಳು. ಮಾಸ್ಕ್ ಹಾಕುವ ಮೊದಲೇ ಬರಹದ ಲೇಯರಿನ ಒಪ್ಯಾಸಿಟಿ 50ಕ್ಕೆ ಇಳಿಸಿದಳು. ಅಕ್ಷರ ಗಾಜಿನಂತಾಗಿ ಕೆಳಗಿನ ಫೋಟೋ ಕಂಡಿತು. ಬರಹವನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಸರಿಸಿ, ‘ಮ’ದ ಕೆಳಗಿನ ದುಂಡಿನೊಳಗೆ ಅಮ್ಮನ ಮುಖ ಬರುವಂತೆ ನಿಲ್ಲಿಸಿದಳು. ಅಮ್ಮ ಚಿಕ್ಕದಾಗಿ ಕಾಣುತ್ತಿದ್ದರಿಂದ ಇದು ಸಾಧ್ಯವಾಯಿತು. ದೊಡ್ಡ ಮುಖವಾದರೆ ಕಣ್ಣೊಂದು ಕಡೆ, ಮೂಗೊಂದು ಕಡೆ ಕತ್ತರಿಸಿ ಹೋಗುತ್ತದೆ. ತೋಟ, ಜಾತ್ರೆಯ ಜನ, ಸೀರೆಯ ಸೆರಗು, ರಂಗೋಲಿ ಇಂಥವು ಅಕ್ಷರಕ್ಕೆ ಚೆನ್ನಾಗಿ ಒಗ್ಗುತ್ತವೆ. ಆಮೇಲೆ ‘ಸೇವ್’ ಒತ್ತಿ ಗಿಂಪಿನದ್ದೇ ಎಕ್ಸ್‌ಸಿಎಫ್ ಕಡತ ಇಟ್ಟೆವು; ಅದರಲ್ಲಿ ಪದರಗಳೂ ಅಡಗಿದ ಚಿತ್ರವೂ ಹಾಗೆಯೇ ಇರುತ್ತವೆ. ಸ್ಟುಡಿಯೋಗೆ ಕೊಡಲು ‘ಎಕ್ಸ್‌ಪೋರ್ಟ್ ಆ್ಯಸ್’ನಲ್ಲಿ ಬೇರೆ ಹೆಸರಿನ ಪಿಎನ್‌ಜಿ. ಓವರ್‌ರೈಟ್ ಕಡೆ ನಾನು ತಿರುಗಿಯೂ ನೋಡಲಿಲ್ಲ.

ಗೃಹಪ್ರವೇಶದ ದಿನ ಅಣ್ಣ ಕನ್ನಡಕ ಹಾಕಿಕೊಂಡು ಫ್ರೇಮಿನ ಮುಂದೆ ತುಂಬಾ ಹೊತ್ತು ನಿಂತ. ಅವನಿಗೀಗ 82. "ಅಮ್ಮ ಇಲ್ಲಿದ್ದಾಳೆ" ಎಂದು ‘ಮ’ದ ಮೇಲೆ ಬೆರಳಿಟ್ಟ. ಆಮೇಲೆ ನನ್ನ ಕಡೆ ತಿರುಗಿ, "ಜಗಲಿ ಕಂಬ ಎಲ್ಲೋ?" ಎಂದ.

"ಕಂಬ ಎರಡಕ್ಷರದ ಮಧ್ಯೆ ಹೋಯ್ತು ಅಣ್ಣ. ಪೂರ್ತಿ ಫೋಟೋ ಪೆನ್‌ಡ್ರೈವ್‌ನಲ್ಲಿದೆ. ಎರಡು ಪ್ರತಿ."